ಎಂಟನೆಯ ಗವಸು

ಹೋದ ತಿಂಗಳು ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ ಬಟ್ಟೆ ಅಂಗಡಿಯವನು ಕರಿ ಬಟ್ಟೆಯ ಥಾನೊಂದನ್ನು ನಮ್ಮ ಮುಂದೆ ಬಿಚ್ಚಿ ಹಾಸಿದ. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮೂವತ್ತು ವರ್ಷದಿಂದ ಹೊಲಿಗೆ ಮಷೀನು ತುಳಿದವಳು ನಾನು. ಯಾವ ಬಣ್ಣದ ಬಟ್ಟೆ ಕೊಟ್ಟರೂ ಹೊಲಿದು ಕೊಡುತ್ತೇನೆ, ಕರಿ ಬಟ್ಟೆಯ ಕೆಲಸ ಬಂದರೆ ಮಾತ್ರ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತೇನೆ. ಈ ಸಲ ಜಾರಿಕೊಳ್ಳುವಂತಿರಲಿಲ್ಲ. ಕೆಲಸ ಕೊಡಿಸಿದವಳು ಸುನಂದಾ. ಅವಳು ನೌಕರಿ ಮಾಡುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಕೊಡುವ ದಿನ ವಿದ್ಯಾರ್ಥಿಗಳು ತೊಡುವ ಕರಿ ನಿಲುವಂಗಿಗಳನ್ನು ಹೊಲಿಯಬೇಕಿತ್ತು. ಬಟ್ಟೆ ಆರಿಸಲು ಅವಳೂ ಬಂದಿದ್ದಳು. ಪಕ್ಕದಲ್ಲೇ ನಿಂತು ಅವಳೂ ಆ ಥಾನನ್ನೇ ನೋಡುತ್ತಿದ್ದಳು.

ನನಗೆ ಹೆದರಿಕೆಯಾದದ್ದು ಬಟ್ಟೆಯಿಂದಲ್ಲ. ಈ ವಾಸನೆಗೆ ಅವಳಿಗೂ ಆ ಮಧ್ಯಾಹ್ನ ನೆನಪಾಗಿ, ಅವಳು ಒಂದು ಪ್ರಶ್ನೆ ಕೇಳಿಬಿಟ್ಟಾಳು ಎಂದು. ಇಪ್ಪತ್ತೈದು ವರ್ಷದಿಂದ ಅವಳ ಜೊತೆ ಚಹಾ ಕುಡಿದಿದ್ದೇನೆ, ಅವಳ ಮಗಳ ಮದುವೆಯಲ್ಲಿ ಓಡಾಡಿದ್ದೇನೆ, ಆ ಪ್ರಶ್ನೆಯ ಹೆದರಿಕೆ ಮಾತ್ರ ಒಂದು ದಿನವೂ ನನ್ನನ್ನು ಬಿಟ್ಟಿಲ್ಲ.

ಅದು ಕಾರ್ಗಿಲ್ಲಿನ ಗುಡ್ಡಗಳಲ್ಲಿ ಯುದ್ಧ ನಡೆದ ವರ್ಷ. ಹೈದರಾಬಾದಿನ ಮಂದಿಗೆ ಕೇಳಿದರೆ ಅದು ಕಂಪ್ಯೂಟರಿನ ವರ್ಷ ಎಂದಾರು. ಮಾಧಾಪುರದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡ ಏಳಿಸುತ್ತಿದ್ದರು. ಅಮೀರ್‌ಪೇಟೆಯಲ್ಲಿ ಒಂದೊಂದು ಮನೆಗೆ ನಾಲ್ಕು ನಾಲ್ಕು ಬೋರ್ಡು, ಎಲ್ಲದರ ಮೇಲೂ ಕಂಪ್ಯೂಟರ್ ಕಲಿಸುತ್ತೇವೆ ಎಂಬ ಮಾತೇ. ನಾವು ಇದ್ದದ್ದು ಅದೆಲ್ಲದರಿಂದ ದೂರ, ಸಿಕಂದರಾಬಾದಿನ ದಂಡಿನ ಭಾಗದಲ್ಲಿ, ತಿರುಮಲಗಿರಿಯ ಹತ್ತಿರ ಒಂದೇ ಸಾಲಿನ ಹನ್ನೆರಡು ಮನೆಗಳಲ್ಲಿ. ಮುಂದೆ ಬೇವಿನ ಮರಗಳು, ಅದರಾಚೆ ಕವಾಯತಿನ ಮೈದಾನ, ಮೈದಾನದ ಅಂಚಿಗೆ ಆನೆಗಾತ್ರದ ಬಂಡೆಗಳು. ಮೈದಾನದಲ್ಲಿ ಡ್ರಮ್ಮು ಬಡಿದರೆ ಆ ಬಂಡೆಗಳಿಗೆ ತಾಗಿ ಸದ್ದು ನಮ್ಮ ಅಡುಗೆಮನೆಗೆ ಎರಡು ಸಲ ಬರುತ್ತಿತ್ತು.

ನನ್ನ ಗಂಡ ಈರಪ್ಪ ಸೈನ್ಯದಲ್ಲಿದ್ದಾರೆ ಎಂದರೆ ನಮ್ಮ ಊರಾದ ಇಂಡಿ ಕಡೆಯ ಜನ ಬಂದೂಕನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದರು. ಅವರು ಹಿಡಿದದ್ದು ಕೊಳಲು. ಫೈಫ್ ಎನ್ನುತ್ತಾರೆ ಅದಕ್ಕೆ. ಒಂದೂವರೆ ಗೇಣಿನ, ಅಡ್ಡ ಹಿಡಿದು ಊದುವ ಕಟ್ಟಿಗೆಯ ಕೊಳಲು. ಬೇರೆ ಪಲ್ಟಣಗಳಲ್ಲಿ ಬ್ಯಾಗ್‌ಪೈಪು, ಹಿತ್ತಾಳೆಯ ತುತ್ತೂರಿಗಳು ಬಂದು ಯಾವ ಕಾಲವಾಗಿತ್ತೋ. ನಮ್ಮ ಪಲ್ಟಣ ಮಾತ್ರ ಅಜ್ಜನ ಕಾಲದ ಫೈಫು, ಹಗ್ಗ ಬಿಗಿದ ಚರ್ಮದ ಡ್ರಮ್ಮುಗಳನ್ನು ಹಠಕ್ಕೆ ಬಿದ್ದು ಇಟ್ಟುಕೊಂಡಿತ್ತು. ಆ ಹಠಕ್ಕೆ ಕಾರಣ ದಸ್ತಗೀರ್ ಕಾಕಾ. ಅವರು ಡ್ರಮ್ ಮೇಜರ್, ಅಂದರೆ ಬೆಳ್ಳಿ ಗುಂಡಿನ ಕೋಲು ಹಿಡಿದು ಬ್ಯಾಂಡಿನ ಮುಂದೆ ನಡೆಯುವವರು. ವಿಜಯಪುರದವರು, ಪಿಂಚಣಿಗೆ ಒಂದು ವರ್ಷ ಉಳಿದಿತ್ತು, ಎಡ ಮೊಣಕಾಲು ಕೈಕೊಟ್ಟಿತ್ತು. ಆದರೆ ಕೋಲು ಕೈಗೆ ಬಂದರೆ ಕುಂಟು ಎಲ್ಲಿ ಹೋಗುತ್ತಿತ್ತೋ ತಿಳಿಯುತ್ತಿರಲಿಲ್ಲ.

ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗ ಅವರು ಹೇಳುತ್ತಿದ್ದರು: "ಮೊದಲಿನ ಕಾಲದಾಗ ವೈರ್‌ಲೆಸ್ ಎಲ್ಲಿತ್ತವಾ? ತೋಪಿನ ಸದ್ದಿನ್ಯಾಗ ಸಾಹೇಬನ ಕೂಗು ಯಾರಿಗೆ ಕೇಳಬೇಕು? ಮುಂದ ನಡೀರಿ ಅನ್ನಾಕ ಒಂದ ಬಡಿತ, ಹಿಂದ ಸರೀರಿ ಅನ್ನಾಕ ಇನ್ನೊಂದ ಬಡಿತ. ಫೈಫಿನ ದನಿ ಸಣ್ಣದು, ಅದಕ್ಕ ಎಷ್ಟ ಗದ್ದಲ ಇದ್ರೂ ಮ್ಯಾಲ ತೇಲತೈತಿ. ಸಿಪಾಯಿ ಕಣ್ಣಲೆ ಅಲ್ಲ, ಕಿವಿಲೆ ಬದುಕತಿದ್ದ."

ತಪ್ಪು ಮಾಡಿದ ಸಿಪಾಯಿಯನ್ನು ಆಗ ಹೇಗೆ ಹೊರಗೆ ಹಾಕುತ್ತಿದ್ದರು ಎಂದೂ ಹೇಳಿದ್ದರು. ಅಂಗಿಯ ಗುಂಡಿ ಕಿತ್ತು, ಸಾಲಾಗಿ ನಿಂತ ಪಲ್ಟಣದ ಮುಂದೆ ಅವನನ್ನು ನಡೆಸಿ, ಹಿಂದೆ ಫೈಫು ಡ್ರಮ್ಮುಗಳಲ್ಲಿ ಅಣಕದ ರಾಗ ಬಾರಿಸುತ್ತಾ ದಂಡಿನ ಗೇಟಿನವರೆಗೆ ಅಟ್ಟಿ ಬರುತ್ತಿದ್ದರಂತೆ. ಕೇಳಿ ನಾವೆಲ್ಲ ನಕ್ಕಿದ್ದೆವು.

ಸುನಂದಾ ನಮ್ಮ ಪಕ್ಕದ, ಸಾಲಿನ ಕೊನೆಯ ಮನೆಯವಳು. ಗೋಕಾಕ ಕಡೆಯವಳು. ನನಗಿಂತ ಆರು ವರ್ಷ ಚಿಕ್ಕವಳು, ಧೈರ್ಯ ಮಾತ್ರ ನನಗಿಂತ ಹತ್ತು ಪಟ್ಟು. ಅವಳ ಗಂಡ ಬಾಳಪ್ಪ ಡ್ರಮ್ಮು ಬಾರಿಸುತ್ತಿದ್ದ. ಊಟಕ್ಕೆ ಕೂತರೂ ತಾಟಿನ ಅಂಚಿಗೆ ಎರಡು ಬೆರಳು ಬಡಿಯುತ್ತಿದ್ದ. ನಮ್ಮ ಮನೆಯವರೂ ಅವನೂ ಬ್ಯಾಂಡಿನಲ್ಲಿ ಹಿಂದೆ ಮುಂದೆ ನಿಲ್ಲುತ್ತಿದ್ದರು, ಹೆಜ್ಜೆಯ ಅಳತೆಯೂ ಒಂದೇ ಇತ್ತು.

ಮೇ ತಿಂಗಳ ಮೊದಲ ವಾರ ಮಾಧಾಪುರದಲ್ಲಿ ಒಂದು ಗಾಜಿನ ಕಟ್ಟಡದ ಉದ್ಘಾಟನೆಗೆ ನಮ್ಮ ಬ್ಯಾಂಡನ್ನು ಕರೆಸಿದ್ದರು. ಮನೆಯ ಹೆಂಗಸರನ್ನೂ ಲಾರಿಯಲ್ಲಿ ಕರೆದುಕೊಂಡು ಹೋದರು. ಆ ಬಿಸಿಲಿನಲ್ಲಿ ಇಡೀ ಕಟ್ಟಡ ಕಣ್ಣು ಕುಕ್ಕುತ್ತಿತ್ತು. ಗಾಜಿನೊಳಗೆ ಇನ್ನೊಂದು ಬ್ಯಾಂಡು ನಡೆದಂತೆ ನಮ್ಮವರ ನೆರಳು ಕಾಣುತ್ತಿತ್ತು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯರು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಸುನಂದಾ ಬ್ಯಾಂಡು ನೋಡಲೇ ಇಲ್ಲ, ಆ ಚೀಟಿಗಳನ್ನೇ ನೋಡುತ್ತಿದ್ದಳು. ಮಾರನೆಯ ವಾರವೇ ಅಮೀರ್‌ಪೇಟೆಯ ಒಂದು ಕ್ಲಾಸಿಗೆ ಹೆಸರು ಹಚ್ಚಿದಳು. ದಿನಾ ಊಟದ ಡಬ್ಬಿ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಹೋಗಿ ಬರುತ್ತಿದ್ದಳು.

ತಿಂಗಳು ಮುಗಿಯುವಷ್ಟರಲ್ಲಿ ಪಲ್ಟಣಕ್ಕೆ ಹೊರಡುವ ಹುಕುಂ ಬಂತು.

ಬ್ಯಾಂಡಿನವರು ಯುದ್ಧಕ್ಕೆ ಹೋಗಿ ಏನು ಮಾಡುತ್ತಾರೆ ಎಂದು ನಾನು ಮೊದಲು ನಿಶ್ಚಿಂತೆಯಿಂದಿದ್ದೆ. ಅಲ್ಲಿ ಯಾರಿಗೆ ಬೇಕು ಕೊಳಲು? ನಮ್ಮ ಮನೆಯವರೇ ಬಿಡಿಸಿ ಹೇಳಿದರು. ಯುದ್ಧ ಬಂದರೆ ಬ್ಯಾಂಡಿನವರು ವಾದ್ಯಗಳನ್ನು ಸಾಮಾನಿನ ಕೋಠಿಯಲ್ಲಿಟ್ಟು ಸ್ಟ್ರೆಚರ್ ಹಿಡಿಯಬೇಕು. ಗುಂಡು ತಿಂದು ಬಿದ್ದವರನ್ನು ಹೊತ್ತು ಕೆಳಗೆ ತರುವುದು ಅವರ ಕೆಲಸ. ಹಿಂದಿನಿಂದ ನಡೆದು ಬಂದ ಪದ್ಧತಿ ಅದು. "ನಮ್ಮ ಹೆಜ್ಜಿ ಕೂಡತಾವಲ್ಲ, ಅದಕ್ಕ. ಹೆಜ್ಜಿ ತಪ್ಪಿದ್ರ ಮ್ಯಾಲ ಮಲಗಿದಾವನ ಜೀವಾ ಹೋಗತೈತಿ," ಎಂದರು. ಅಂದರೆ ಗುಂಡು ಹಾರುವ ಕಡೆಗೇ, ಕೈಯಲ್ಲಿ ಬಂದೂಕಿಲ್ಲದೆ ಹೋಗಬೇಕು. ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಕೂತ ಹೆದರಿಕೆ ಅನ್ನದ ಜೊತೆ ಅನ್ನವಾಗಿ, ನೀರಿನ ಜೊತೆ ನೀರಾಗಿ ಇತ್ತು.

ಹೊರಡುವ ಮುಂಜಾನೆ ಬಾಳಪ್ಪ ತನ್ನ ಡ್ರಮ್ಮಿನ ಹಗ್ಗ ಸಡಿಲಿಸುತ್ತಾ ಕೂತಿದ್ದ. "ಬಿಗದ ಇಟ್ಟ ಹೋದ್ರ ಚರ್ಮ ಹರೀತೈತಿ ವೈನಿ," ಎಂದ. ನಮ್ಮ ಮನೆಯವರು ಫೈಫನ್ನು ನನ್ನ ಹಳೆಯ ರವಿಕೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಸ್ಟೇಷನ್ನಿನಲ್ಲಿ ಸುನಂದಾ ಅಳಲಿಲ್ಲ. ರೈಲು ಮರೆಯಾದ ಮೇಲೆ, "ನಡಿ ಅಕ್ಕಾ, ನನಗ ಕ್ಲಾಸಿಗೆ ಹೊತ್ತಾತು," ಎಂದಳು. ನನಗೆ ಸಿಟ್ಟು ಬಂದಿತ್ತು.

ಜೂನಿನಲ್ಲಿ ನಮ್ಮ ಮನೆಯವರ ಪತ್ರ ಬಂತು. ಇಬ್ಬರಿಗೂ ಒಂದೇ ಸ್ಟ್ರೆಚರ್ ಸಿಕ್ಕಿದೆ, ಬಾಳಪ್ಪ ಮುಂದೆ, ತಾನು ಹಿಂದೆ ಎಂದು ಬರೆದಿದ್ದರು. ಇಳಿಜಾರಿನಲ್ಲಿ ಬಾಳಪ್ಪ ನಾಲಿಗೆಯಿಂದಲೇ ಡ್ರಮ್ಮಿನ ಬಡಿತದ ಬೋಲು ಹೇಳುತ್ತಾನೆ, ಆ ಲೆಕ್ಕಕ್ಕೆ ಹೆಜ್ಜೆ ಇಡುತ್ತೇವೆ, ಗಾಯದವರು ಅದನ್ನು ಕೇಳಿ ನಗುತ್ತಾರೆ ಎಂದೂ ಇತ್ತು. ಸುನಂದಾ ಆ ಪತ್ರವನ್ನು ನನ್ನ ಕೈಯಿಂದ ಇಸಿದುಕೊಂಡು ಮೂರು ಸಲ ಓದಿದಳು.

ಅದಾದ ಎರಡು ದಿನಕ್ಕೆ ದಸ್ತಗೀರ್ ಕಾಕಾ ಕಂಕುಳಲ್ಲಿ ಒಂದು ಗಂಟು ಹಿಡಿದುಕೊಂಡು ಬಂದರು. ಮೊಣಕಾಲಿನ ದೆಸೆಯಿಂದ ಅವರನ್ನು ಇಲ್ಲೇ ಬಿಟ್ಟು ಹೋಗಿದ್ದರು. ತರಬೇತಿ ಮುಗಿಯದ ಕೆಲವು ಹೊಸಬರನ್ನು ಸೇರಿಸಿ ದಿನಾ ಹತ್ತು ಗಂಟೆಗೆ ಮೈದಾನದಲ್ಲಿ ಬ್ಯಾಂಡು ನಡೆಸುವುದು ಅವರ ಕೆಲಸವಾಗಿತ್ತು. ಗಂಟು ಬಿಚ್ಚಿದರು. ಕರಿ ಬಟ್ಟೆ.

"ಕಸ್ತೂರವ್ವಾ, ಎಂಟ ಗವಸು ಹೊಲದ ಕೊಡಬೇಕ. ಏಳು ಸಣ್ಣ ಡ್ರಮ್ಮಿಗೆ, ಒಂದ ದೊಡ್ಡದಕ್ಕ. ಹಳೇವು ಇಲಿ ತಿಂದಾವು."

ಯಾತಕ್ಕೆ ಎಂದು ನಾನು ಕೇಳಲಿಲ್ಲ, ಗೊತ್ತಿತ್ತು. ಸತ್ತ ಸಿಪಾಯಿಯ ಮುಂದೆ ನಡೆಯುವಾಗ ಡ್ರಮ್ಮುಗಳಿಗೆ ಕರಿ ಗವಸು ತೊಡಿಸುತ್ತಾರೆ. ಆಗ ಡ್ರಮ್ಮು ಗಣಗಣ ನುಡಿಯುವುದಿಲ್ಲ, ಮುಚ್ಚಿದ ಬಾಗಿಲನ್ನು ಒಳಗಿನಿಂದ ಗುದ್ದಿದ ಹಾಗೆ ಕೇಳುತ್ತದೆ.

"ನನ್ನ ಕಡೆ ಆಗೂದಿಲ್ಲ ಕಾಕಾ," ಎಂದೆ.

"ಮಷೀನ್ ಇರೂದು ನಿನ್ನ ಮನ್ಯಾಗ ಒಂದ. ಬೇಕಾಗೂದ ಬ್ಯಾಡ ಅಂತ ನಾನೂ ನಮಾಜಿನ್ಯಾಗ ಕೇಳಾಕತ್ತೀನಿ. ಆದ್ರ ತಯಾರ ಇರಬೇಕವಾ. ಯಾರರ ಬಂದ್ರ ಬರೇ ಡ್ರಮ್ಮು ಬಡದು ಕಳಸಾಕ ಆಗತೈತೇನು?"

ಹೊಲಿಯತೊಡಗಿದೆ. ಒಂದು ಮುಗಿದಾಗ ಇಬ್ಬರ ಹೆಸರನ್ನೂ ಹೇಳಿ ದೇವರಿಗೆ ಕೈಮುಗಿದೆ. ಎರಡು, ಮೂರು, ಏಳು ಮುಗಿದವು. ಎಂಟನೆಯದು ದೊಡ್ಡ ಡ್ರಮ್ಮಿನದು. ಅದನ್ನು ಕತ್ತರಿಸಿ, ಸುತ್ತ ಹೊಲಿಗೆ ಹಾಕಿ, ಲಾಡಿ ಪೋಣಿಸುವ ಅಂಚನ್ನು ಮಡಚದೆ ಹಾಗೇ ಬಿಟ್ಟುಬಿಟ್ಟೆ. ಇದು ಮುಗಿಯುವವರೆಗೆ ಯಾರೂ ಸಾಯುವುದಿಲ್ಲ ಎಂದು ನನ್ನ ತಲೆಗೆ ಹೊಕ್ಕಿತು. ಯಾರು ಹೇಳಿಕೊಟ್ಟರೋ ದೇವರೇ ಬಲ್ಲ. ದೊಡ್ಡ ಡ್ರಮ್ಮೇ ತಾನೇ ಹೆಜ್ಜೆ ಹೇಳುವುದು? ಅದಕ್ಕೆ ಗವಸೇ ಇಲ್ಲದಿದ್ದರೆ ಸಾವಿನ ಮೆರವಣಿಗೆ ಹೇಗೆ ಹೊರಟೀತು? ಹೀಗಿತ್ತು ನನ್ನ ಲೆಕ್ಕ.

ಕಾಕಾ ಬಂದು ಕೇಳಿದಾಗ ಬಟ್ಟೆ ಸಾಲಲಿಲ್ಲ ಎಂದೆ. ಅವರು ಮತ್ತೊಂದು ತುಂಡು ತಂದರು. ಮಷೀನಿನ ಬಾಬಿನ್ ಕೆಟ್ಟಿದೆ ಎಂದೆ. ಅವರು ನನ್ನ ಮುಖ ನೋಡಿ, "ಇರ್ಲಿ ಬಿಡು," ಎಂದು ಏಳನ್ನು ಮಾತ್ರ ತೆಗೆದುಕೊಂಡು ಹೋದರು. ಸುನಂದಾಳ ಹತ್ತಿರ ಮುಚ್ಚಿಡಲಾಗಲಿಲ್ಲ. ಅವಳು ಬಿದ್ದು ಬಿದ್ದು ನಕ್ಕಳು. "ನೀ ಇಲ್ಲಿ ಸೂಜಿ ನಿಲ್ಲಿಸಿ ಅಲ್ಲಿ ಗುಂಡು ನಿಲ್ಲಸಾಕತ್ತಿ ಏನ ಅಕ್ಕಾ? ಇದು ಮೊದಲ ಗೊತ್ತಿದ್ರ ಸರಕಾರದವರು ನಿನ್ನ ಒಬ್ಬಾಕಿನ್ನ ಕಳಸತಿದ್ರು," ಎಂದಳು.

ನಮ್ಮ ಸಾಲಿನ ಹೆಂಗಸರೆಲ್ಲ ಆಗ ಕಿವಿಯಲ್ಲೇ ಬದುಕುತ್ತಿದ್ದೆವು. ಹತ್ತು ಗಂಟೆಗೆ ಮೈದಾನದಲ್ಲಿ ಡ್ರಮ್ಮು ಶುರುವಾದರೆ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು. ಸದ್ದು ಗಣಗಣ ಬಂದರೆ ಮತ್ತೆ ರೊಟ್ಟಿ. ಒಂದು ದಿನ ಮುಂಜಾನೆಯಿಂದ ಮೊದಲ ಮಳೆ ಹಿಡಿದಿತ್ತು. ಹತ್ತಕ್ಕೆ ಬಿಡುವು ಕೊಟ್ಟಾಗ ಡ್ರಮ್ಮು ಶುರುವಾಯಿತು. ಧಪ್, ಧಪ್ ಎಂದು. ಬಂಡೆಗಳಿಂದ ತಿರುಗಿ ಬಂದದ್ದೂ ಧಪ್, ಧಪ್ ಎಂದೇ.

ಹನ್ನೆರಡು ಮನೆಗಳ ಹೆಂಗಸರೂ ಬಯಲಿಗೆ ಬಂದೆವು. ಒಬ್ಬಾಕೆ ಮರಕ್ಕೆ ಆತು ನಿಂತವಳು ಹಾಗೇ ಕುಸಿದಳು. ನಾನು ಬರಿಗಾಲಲ್ಲಿ ಕೆಸರಿನಲ್ಲಿ ಮೈದಾನಕ್ಕೆ ಓಡಿದೆ. ನನ್ನ ಎಂಟನೆಯ ಗವಸು ಮನೆಯಲ್ಲೇ ಇತ್ತಲ್ಲ, ಇದು ಹೇಗಾಯಿತು ಎಂದು ಬಾಯಿ ಬಿಟ್ಟು ಹೇಳುತ್ತಾ ಓಡಿದೆ. ನೋಡಿದರೆ ಯಾವ ಡ್ರಮ್ಮಿಗೂ ಗವಸಿರಲಿಲ್ಲ. ಮಳೆಯ ತಂಪಿಗೆ ಚರ್ಮ ಜೋಲುಬಿದ್ದು ದನಿ ಕೆಟ್ಟಿತ್ತು, ಅಷ್ಟೇ. ಕಾಕಾ ನಮ್ಮನ್ನೆಲ್ಲ ನೋಡಿ ಕೋಲನ್ನು ಕಂಕುಳಿಗೆ ಸೇರಿಸಿ ತಲೆ ತಗ್ಗಿಸಿದರು.

"ತಪ್ಪಾತವಾ. ಡ್ರಮ್ಮಿಗೆ ಥಂಡಿ ಆಗೇತಿ, ಬೆಂಕಿ ಮುಂದ ಕಾಸಿದ್ರ ಸರಿ ಹೋಗತೈತಿ. ಇವತ್ತಿಂದ ಒಂದ ಮಾತ ಕೊಡ್ತೀನಿ. ಗವಸು ಹಾಕೂ ಹೊತ್ತು ಬಂದ್ರ, ಅದಕ್ಕಿಂತ ಮೊದಲ ನಾನ ಸ್ವಂತ ಆ ಮನೀ ಬಾಗಿಲಿಗೆ ಬರ್ತೀನಿ. ನಾ ಬರೂತನ ಯಾವ ಸದ್ದಿಗೂ ಅಂಜಬ್ಯಾಡ್ರಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಅವತ್ತಿನಿಂದ ನಾವು ಡ್ರಮ್ಮಿಗೆ ಹೆದರುವುದು ಬಿಟ್ಟು ಕಾಕಾನಿಗೇ ಹೆದರತೊಡಗಿದೆವು. ಸಂಜೆಯ ಚಹಾಕ್ಕೆ ಅವರನ್ನು ಯಾರೂ ಕರೆಯಲಿಲ್ಲ, ಅವರೂ ಬರಲಿಲ್ಲ. ದೂರದಲ್ಲಿ ಆ ಕುಂಟು ನಡಿಗೆ ಕಂಡರೆ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದೆವು. ಎಷ್ಟು ವರ್ಷ ನಮ್ಮ ಮನೆಯ ಉಪ್ಪಿಟ್ಟು ಮೆಚ್ಚಿ ತಿಂದ ಮನುಷ್ಯ ಅವರು.

ಜುಲೈಯಲ್ಲಿ ಒಂದು ದಿನ ಅವರು ಬಂದರು. ಮಧ್ಯಾಹ್ನ, ಊಟದ ಹೊತ್ತು, ಜಿನುಗು ಮಳೆ. ಕೈಯಲ್ಲಿ ಕೋಲಿರಲಿಲ್ಲ, ಮೊಣಕಾಲನ್ನು ಒತ್ತಿ ಹಿಡಿದು ಸಾಲಿನ ಆ ತುದಿಯಿಂದ ನಡೆದು ಬರುತ್ತಿದ್ದರು. ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಮೊದಲನೆಯ ಮನೆ ದಾಟಿದರು. ಆ ಮನೆಯವಳು ಹೊಸ್ತಿಲಲ್ಲೇ ಕುಕ್ಕರಿಸಿ ಕೂತಳು. ಎರಡನೆಯದು, ಮೂರನೆಯದು. ದಾಟಿದ ಒಂದೊಂದು ಮನೆಯಲ್ಲೂ ಒಂದೊಂದು ಉಸಿರು ಬಿಟ್ಟದ್ದು ನನಗೆ ಕೇಳಿದಂತಾಗುತ್ತಿತ್ತು. ಆರು. ಏಳು. ನಮ್ಮ ಮನೆ ಹನ್ನೊಂದನೆಯದು. ಹತ್ತನೆಯ ಮನೆ ದಾಟಿದಾಗ ಮೊರದ ಅಕ್ಕಿಯೆಲ್ಲ ನನ್ನ ಕಾಲ ಮೇಲೆ ಚೆಲ್ಲಿತ್ತು. ಅವರು ಬಂದು ನನ್ನ ಮುಂದೆ ನಿಂತರು.

"ಒಳಗ ನಡಿ, ಕಸ್ತೂರವ್ವಾ."

ಒಳಗೆ ಹೇಗೆ ಹೋದೆನೋ ತಿಳಿಯದು. ಅವರು ಬಾಗಿಲನ್ನು ಅರ್ಧ ಮುಂದೆ ಮಾಡಿ ಸಣ್ಣ ದನಿಯಲ್ಲಿ ಹೇಳಿದರು:

"ಆ ಎಂಟನೇ ಗವಸು ಬೇಕವಾ. ನಾಳೆ ಮುಂಜಾನಿಗೆ ಬೇಗಂಪೇಟೆ ಏರ್‌ಪೋರ್ಟಿಗೆ ಬರಾಕತ್ತಾನ."

"ಯಾರ ಕಾಕಾ?"

ಅವರು ಗೋಡೆಯ ಕಡೆ ನೋಡಿದರು. ಸುನಂದಾಳ ಮನೆಗೂ ನಮ್ಮ ಮನೆಗೂ ನಡುವಿನ ಗೋಡೆ ಅದು. "ಆಕೀ ಬಾಗಿಲಿಗೇ ಹೊಂಟಿದ್ದೆ. ಬೀಗ ಕಾಣತೈತಿ."

ನನಗೆ ಆಗ ಆದದ್ದನ್ನು ಬರೆದೇ ಬಿಡುತ್ತೇನೆ. ಸಂತೋಷವಾಯಿತು. ಹೊಟ್ಟೆಯ ತಳದಿಂದ ಎದ್ದು ಬಂದ ಸಂತೋಷ. ನಮ್ಮವರಲ್ಲ, ನಮ್ಮವರಲ್ಲ ಎಂದು ಮನಸ್ಸು ಕುಣಿಯಿತು. ಬಾಳಪ್ಪನ ಮುಖ ಕಣ್ಣ ಮುಂದೆ ಬಂದದ್ದು ಆಮೇಲೆ. ಅಂಗಿಯ ಗುಂಡಿ ಕಿತ್ತು, ಡ್ರಮ್ಮು ಬಡಿಯುತ್ತಾ ಗೇಟಿನಾಚೆ ಅಟ್ಟುತ್ತಿದ್ದರಲ್ಲ, ಆ ಶಿಕ್ಷೆ ನನಗೇ ಆಗಬೇಕಿತ್ತು.

"ನಾಕ ಗಂಟೆಕ್ಕ ಮೇಜರ್ ಸಾಹೇಬ್ರು, ಅವರ ಮನಿಯವರು ಬರ್ತಾರ. ಅಲ್ಲೀತನ ನೀ ಏನೂ ಹೇಳಬ್ಯಾಡ. ಹೇಳೂದು ಅವರ ಕೆಲಸ," ಎಂದು ಕಾಕಾ ಹೊರಟುಹೋದರು.

ನೆರೆಹೊರೆಯವರು ನಮ್ಮ ಬಾಗಿಲಿಗೆ ಓಡಿಬಂದಿದ್ದರು. ನಾನು ತಲೆ ಅಲ್ಲಾಡಿಸಿ, ಗವಸು ಕೇಳಲು ಬಂದಿದ್ದರು ಎಂದೆ. ಎಲ್ಲರ ಕಣ್ಣೂ ಪಕ್ಕದ ಬೀಗದ ಮೇಲೆ ಹೋಯಿತು. ಒಬ್ಬೊಬ್ಬರೇ ತಮ್ಮ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವಳು ಬಂದಾಗ ಅವಳ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ನನಗೆ ಬಾಗಿಲು ಹಾಕಲಾಗಲಿಲ್ಲ, ಮಳೆಯ ಕತ್ತಲಿಗೆ ಬೆಳಕು ಬೇಕಿತ್ತು. ಮಷೀನಿನ ಮುಂದೆ ಕೂತು ಅಂಚು ಮಡಚಿ ತುಳಿಯತೊಡಗಿದೆ. ಕಣ್ಣೀರು ಬಟ್ಟೆಯ ಮೇಲೆ ಬೀಳುತ್ತಿತ್ತು. ಕರಿ ಬಟ್ಟೆಯಾದ್ದರಿಂದ ಕಾಣುತ್ತಿರಲಿಲ್ಲ.

ಮೂರು ಗಂಟೆಯ ಸುಮಾರಿಗೆ ಛತ್ರಿ ಮಡಚುವ ಸದ್ದಾಯಿತು. "ಅಕ್ಕಾ, ಇದನ್ನ ನೋಡಿಲ್ಲಿ, ಇವತ್ತ ಕಂಪ್ಯೂಟರಿನ್ಯಾಗ ಅವರಿಗೆ ಪತ್ರ ಬರದೀನಿ," ಎನ್ನುತ್ತಾ ಸುನಂದಾ ಒಳಗೆ ಬಂದಳು. ಕೈಯಲ್ಲಿ ಅಂಚಿಗೆ ಸಾಲು ತೂತಿದ್ದ ಉದ್ದನೆಯ ಕಾಗದ. ನನ್ನ ಮಡಿಲಲ್ಲಿದ್ದುದನ್ನು ಕಂಡಳು. ನನ್ನ ಮುಖ ಕಂಡಳು. ಆಮೇಲೆ ಕಾಗದವನ್ನು ಸಣ್ಣಗೆ ಮಡಚಿ ರವಿಕೆಯೊಳಗೆ ಇಟ್ಟುಕೊಂಡು, ಬಂದು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

"ಅಳಬ್ಯಾಡ ಅಕ್ಕಾ. ಧೈರ್ಯ ತಗೋ. ನಾ ಅದೀನಲ್ಲ," ಎಂದಳು.

ನಮ್ಮವರೇ ಹೋದರು ಎಂದು ತಿಳಿದುಕೊಂಡಿದ್ದಾಳೆ ಎಂದುಕೊಂಡೆ. ಅಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕಾಕಾ ಹೇಳಬೇಡ ಎಂದಿದ್ದಾರೆ ಎಂಬುದು ನೆಪ. ನಿಜವಾಗಿ, ಹೇಳಿದರೆ ಆ ತೋಳುಗಳು ಬಿಟ್ಟುಹೋಗುತ್ತವೆ, ಆಮೇಲೆ ನಾನು ಅವಳನ್ನು ನೋಡಬೇಕಾಗುತ್ತದೆ ಎಂದು ಹೆದರಿದೆ. ವಿಧವೆಯಾದವಳಿಂದ ನಾನು ಸಮಾಧಾನ ಮಾಡಿಸಿಕೊಳ್ಳುತ್ತಾ ಕೂತೆ.

ಅವಳು ನನ್ನ ತಲೆ ನೇವರಿಸಿ, ಕೆಳಗೆ ಕೂತು ಗವಸನ್ನು ಎಳೆದುಕೊಂಡಳು. "ಲಾಡಿ ನಾ ಪೋಣಸ್ತೀನಿ. ನಿನ್ನ ಕಣ್ಣಾಗ ನೀರು ತುಂಬೇತಿ," ಎಂದಳು. ಲಾಡಿಯ ತುದಿಗೆ ಪಿನ್ನು ಸಿಕ್ಕಿಸಿ ಅಂಚಿನೊಳಗೆ ತೂರಿಸಿ ಮೆಲ್ಲಗೆ ಸರಿಸುತ್ತಾ ಹೋದಳು. ಅರ್ಧ ದಾರಿಯಲ್ಲಿ ಲಾಡಿ ಪಿನ್ನಿನಿಂದ ಜಾರಿ ಒಳಗೇ ಉಳಿಯಿತು. ಪೂರ್ತಿ ಎಳೆದು ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ಜಾರಿತು, ಮತ್ತೆ ಶುರು. ಮೂರನೆಯ ಸಲ ಈ ಕಡೆ ಬರುವ ಹೊತ್ತಿಗೆ ಜಾರಿತು. ಅವಳು ಬೇಜಾರು ಮಾಡಿಕೊಳ್ಳದೆ ನಾಲ್ಕನೆಯ ಸಲ ಶುರು ಮಾಡಿದಳು.

"ಇದು ದೊಡ್ಡ ಡ್ರಮ್ಮಿಂದೇನ?" ಎಂದು ಕೇಳಿದಳು.

"ಹೂಂ."

"ಛಲೋ ಹೊಲದಿ, ಅಕ್ಕಾ."

ನಾಲ್ಕಕ್ಕೆ ಜೀಪು ಬಂದು ನಿಂತಿತು. ಲಾಡಿಯ ಎರಡು ತುದಿಗಳನ್ನೂ ಹೊರಗೆ ಎಳೆದು ಗಂಟು ಹಾಕಿ ಅವಳು ಎದ್ದಳು. ನನ್ನ ಕಡೆ ನೋಡದೆ ಹೊರಗೆ ಹೋಗಿ, ತನ್ನ ಬಾಗಿಲಿನ ಬೀಗ ತೆಗೆದಳು. ನಾನು ಕೂತಲ್ಲಿಂದ ಏಳಲಿಲ್ಲ. ಗೋಡೆಯ ಆಚೆ ಮೇಜರ್ ಸಾಹೇಬರ ಹೆಂಡತಿಯ ದನಿ ಕೇಳಿತು, ಸುನಂದಾಳ ದನಿ ಕೇಳಲೇ ಇಲ್ಲ.

ಮರುದಿನ ಮುಂಜಾನೆ ಮೈದಾನದಲ್ಲಿ ಬಾಳಪ್ಪನಿಗೆ ಸಲಾಮು ಕೊಟ್ಟು ಊರಿಗೆ ಕಳಿಸಿದರು. ಎಂಟು ಡ್ರಮ್ಮಿಗೂ ಗವಸಿತ್ತು. ಕಾಕಾ ಕೋಲನ್ನು ತಲೆಕೆಳಗಾಗಿ ಹಿಡಿದು, ಕುಂಟು ಮುಚ್ಚದೆ ನಡೆದರು. ಒಂದೇ ಒಂದು ಫೈಫು ಊದುತ್ತಿತ್ತು. ನನ್ನ ಕಿವಿಗೆ ಅದು ಕೇಳಲಿಲ್ಲ, ದೊಡ್ಡ ಡ್ರಮ್ಮಿನ ಧಪ್ ಮಾತ್ರ ಕೇಳಿತು, ಒಂದೊಂದಕ್ಕೂ ನನ್ನ ಹೊಲಿಗೆಯೇ ನನಗೆ ಗುದ್ದಿದಂತಾಯಿತು. ಪೆಟ್ಟಿಗೆಯ ವಾಹನ ಗೇಟು ದಾಟಿದ ಮೇಲೆ ಗವಸುಗಳನ್ನು ತೆಗೆದು, ಬ್ಯಾಂಡು ಜೋರು ನಡಿಗೆಯ ಉಲ್ಲಾಸದ ರಾಗ ನುಡಿಸುತ್ತಾ ಹಿಂತಿರುಗಿತು. ಅದೂ ಪದ್ಧತಿಯೇ. ಹೋಗುವಾಗ ನುಡಿಸಿದ್ದು ಸತ್ತವನಿಗೆ, ಬರುವಾಗ ನುಡಿಸಿದ್ದು ಉಳಿದವರಿಗೆ ಎಂದು ಕಾಕಾ ಹಿಂದೆಂದೋ ಹೇಳಿದ್ದರು. ಆ ರಾಗ ಯಾರ ಸಲುವಾಗಿ ಎಂದು ನನಗೆ ಗೊತ್ತಿತ್ತು, ಸೆರಗಿನಿಂದ ಕಿವಿ ಮುಚ್ಚಿಕೊಂಡೆ.

ಆಗಸ್ಟಿನ ಕೊನೆಗೆ ನಮ್ಮ ಮನೆಯವರು ಬಂದರು. ಕೈಕಾಲು ನೆಟ್ಟಗಿದ್ದವು. ಒಂದೇ ಸಲ ಹೇಳಿದರು, ಆಮೇಲೆ ಎಂದೂ ಆ ಮಾತು ತೆಗೆಯಲಿಲ್ಲ. ಮುಂದೆ ಹಿಡಿದಿದ್ದ ಬಾಳಪ್ಪನಿಗೇ ತಗುಲಿತು. ಅವನನ್ನು ಅದೇ ಸ್ಟ್ರೆಚರಿನಲ್ಲಿ ಮಲಗಿಸಿದರು. ಮುಂದೆ ಹಿಡಿಯಲು ಬಂದವನು ಬ್ಯಾಂಡಿನವನಲ್ಲ. "ಅವನ ಹೆಜ್ಜಿ ಕೂಡಲಿಲ್ಲ. ಬಾಳಪ್ಪನೇ ಮಲಕೊಂಡು ಬೋಲು ಹೇಳಿಕೊಟ್ಟ. ಆಮ್ಯಾಲ ಬೋಲು ನಿಂತಿತು," ಎಂದರು.

ಸುನಂದಾ ಊರಲ್ಲಿ ಕೂರಲಿಲ್ಲ. ಆ ಶ್ರಾವಣದಲ್ಲಿ ಅವಳು ಬಸುರಿ ಎಂದು ತಿಳಿಯಿತು. ಮಗಳು ಹುಟ್ಟಿದ ಮೇಲೆ ಮತ್ತೆ ಹೈದರಾಬಾದಿಗೆ ಬಂದು, ಬಿಟ್ಟ ಕೋರ್ಸು ಮುಗಿಸಿ, ಕಾಲೇಜಿನ ಕಚೇರಿಯಲ್ಲಿ ಕೆಲಸ ಹಿಡಿದಳು. ಕೊರಳಿಗೆ ಗುರುತಿನ ಚೀಟಿ ಬಂತು. ಅವಳ ಮಗುವನ್ನು ನಾನು ಆಡಿಸಿದೆ. ಮಾಡಿದ ತಪ್ಪಿಗೆ ಎಂದು ಒಳಗೊಳಗೇ ಅಂದುಕೊಳ್ಳುತ್ತಾ, ಯಾವತ್ತು ಕೇಳುತ್ತಾಳೋ ಎಂದು ಹೆದರುತ್ತಾ ಆಡಿಸಿದೆ.

ಹೋದ ತಿಂಗಳು, ಆ ಅಂಗಡಿಯಲ್ಲಿ, ಅವಳು ಕರಿ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತಾ ಕೇಳಿದಳು.

"ಅವತ್ತ ನಿನಗ ಗೊತ್ತಿತ್ತಲ್ಲ, ಅಕ್ಕಾ?"

ಇಪ್ಪತ್ತೈದು ವರ್ಷದಿಂದ ಇದಕ್ಕೆ ಎಷ್ಟೋ ಉತ್ತರ ಜೋಡಿಸಿಟ್ಟಿದ್ದೆ. "ಗೊತ್ತಿತ್ತು," ಎಂದೆ.

"ನನಗೂ ಗೊತ್ತಿತ್ತು." ಅವಳು ಬಟ್ಟೆಯನ್ನೇ ನೋಡುತ್ತಿದ್ದಳು. "ಎಲ್ಲಾರ ಬಾಗಿಲಾ ಹಾಕಿದ್ವು. ನೀ ಮಷೀನ್ ತುಳಿಯಾಕತ್ತಿದ್ದಿ. ನಿನ್ನ ಗಂಡ ಹೋಗಿದ್ರ ನೀ ಮಷೀನ್ ಮುಂದ ಕುಂದರತಿದ್ದಿ ಏನ?"

"ಮತ್ತ ನನಗ್ಯಾಕ ಸಮಾಧಾನ ಮಾಡಿದಿ?"

"ಹೋದಾವ ನಿನ್ನ ಗಂಡ ಅಂತ ನಾ ತಿಳಕೊಂಡಷ್ಟ ಹೊತ್ತು ನನ್ನ ಗಂಡ ಇರ್ತಿದ್ದ ಅಕ್ಕಾ. ಲಾಡಿ ಮುಗಿಯೂತನಾರ ಇರ್ಲಿ ಅಂದ್ಕೊಂಡೆ. ಸೂಜಿ ನಿಲ್ಲಿಸಿ ಗುಂಡು ನಿಲ್ಲಸಾಕ ನಿನಗೊಬ್ಬಾಕಿಗೆ ಬರ್ತೈತಿ ಏನ?"

ಅಂಗಡಿಯವನು ಗಜಕಡ್ಡಿ ಹಿಡಿದು ಎಷ್ಟು ಮೀಟರು ಎಂದು ತೆಲುಗಿನಲ್ಲಿ ಕೇಳಿದ. ಸುನಂದಾಳೇ ಹೇಳಿದಳು. ಅವನು ಅಳೆಯತೊಡಗಿದ. ನನಗೆ ಆ ಮಧ್ಯಾಹ್ನ ಮೂರು ಸಲ ಪಿನ್ನಿನಿಂದ ಜಾರಿದ ಲಾಡಿ ನೆನಪಾಯಿತು. ಅದು ಜಾರಿದ್ದಲ್ಲ.